ಚಿಕ್ಕಪ್ಪ ಸಂಶೋಧನೆಯಲ್ಲಿದ್ದಾನೆ

ನಮ್ಮ ಚಿಕ್ಕಪ್ಪ ಉದ್ಯಮಿಯಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಬಾಯಲ್ಲಿ ಜಿಪ್ಪಿನ ರನ್ನರ್ ಕಚ್ಚಿಕೊಂಡು ಕೂತಿದ್ದಾಗ. ಹಿಂದಿನ ದಿನದವರೆಗೂ ಅವನು ಬರೀ ಬ್ಯಾಗು ರಿಪೇರಿಯವನು. ಸೂಟ್‌ಕೇಸಿನ ಚಕ್ರ ಕಳಚಿದರೆ, ಬ್ಯಾಗಿನ ಪಟ್ಟಿ ಕಿತ್ತರೆ, ಜಿಪ್ಪು ಹಲ್ಲು ಬಿಟ್ಟರೆ ಜನ ಅವನ ಹತ್ತಿರ ಬರುತ್ತಿದ್ದರು, ಬೈದು ಬಿಟ್ಟು ಹೋಗುತ್ತಿದ್ದರು, ಮತ್ತೆ ಬಂದು ಬೈದು ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಸುಖವಾಗಿದ್ದರು.

ಅಂಗಡಿ ಕೆಳಗೆ, ಮನೆ ಮೇಲೆ. ಎರಡರ ನಡುವಿನ ಮೆಟ್ಟಿಲ ಮೇಲೆ ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ. ಅವಳಿಗೆ ಮನೆಯೂ ಬೇಕು ಬೀದಿಯೂ ಬೇಕು, ಎರಡನ್ನೂ ಕೇಳಿಸಿಕೊಳ್ಳಲು ಮೆಟ್ಟಿಲಿಗಿಂತ ಒಳ್ಳೆಯ ಜಾಗ ಇಲ್ಲ. ಅಜ್ಜಿಯ ಮಗ್ಗುಲಲ್ಲಿ, ಚಿಕ್ಕಪ್ಪನ ಅಣ್ಣನ ಮಗಳಾದ ನಾನು. ಅಂಗಡಿಯ ಮುಂಭಾಗದಲ್ಲಿ ಚಿಕ್ಕಪ್ಪ, ಅವನ ಇಕ್ಕಳ, ಅವನ ಮಾತು. ಹಿಂಭಾಗದಲ್ಲಿ ದಪ್ಪ ಬಟ್ಟೆ ಹೊಲಿಯುವ ಮೆಷಿನ್ನು, ಅದರ ಮುಂದೆ ಗೋಡೆಗೆ ಮುಖ ಮಾಡಿಕೊಂಡು ಚಿಕ್ಕಮ್ಮ. ಮೆಷಿನ್ನು ಅವಳ ತಂದೆಯದು, ಮದುವೆಯಾದಾಗ ಅವಳ ಜೊತೆ ಬಂದದ್ದು. ಭಾರ ತಡೆಯಬೇಕಾದ ಹೊಲಿಗೆಯೆಲ್ಲ ಬೀಳುತ್ತಿದ್ದದ್ದು ಅಲ್ಲೇ. ಆದರೆ ಗಿರಾಕಿಗೆ ಕಾಣುತ್ತಿದ್ದದ್ದು ಅವನ ಮುಖ ಮತ್ತು ಅವಳ ಬೆನ್ನು.

ಆ ಮಂಗಳವಾರ ಒಬ್ಬ ತೆಳ್ಳನೆಯ ಯುವಕ ಒಳಗೆ ಬಂದ. ದೊಡ್ಡ ಕನ್ನಡಕ, ಸಣ್ಣ ದನಿ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾನಂತೆ. ವಿಷಯ ಉದ್ಯಮಶೀಲತೆ.

"ಸಾರ್, ನೀವು ಈ ಬೀದಿಯ ಉದ್ಯಮಿಗಳಲ್ಲಿ ಒಬ್ಬರು" ಅಂದ.

ಚಿಕ್ಕಪ್ಪ ರನ್ನರನ್ನು ಅಂಗೈಗೆ ಉಗುಳಿದ. "ಯಾರು?"

"ನೀವೇ ಸಾರ್."

ಚಿಕ್ಕಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ. ಹಿಂದೆ ಚಿಕ್ಕಮ್ಮನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹಾಗಾಗಿ ತಾನೇ ಇರಬೇಕೆಂದು ಒಪ್ಪಿಕೊಂಡ.

"ಈ ಉದ್ಯಮವನ್ನ ಕಟ್ಟಿದ್ದು ಯಾರು?"

"ನಾನೇ. ಕೈಯಾರೆ."

"ಅವರು?" ಯುವಕ ಬೆನ್ನಿನ ಕಡೆ ಬೆರಳು ತೋರಿಸಿದ.

"ಇವಳಾ? ಹೆಂಡತಿ. ಸುಮ್ನೆ ಕೂತಿರ್ತಾಳೆ. ಏನೋ, ಆಗಾಗ ಸ್ವಲ್ಪ ಕೈ ಹಾಕ್ತಾಳೆ."

"ಸರಿ, ಕುಟುಂಬದ ನೆರವು" ಎಂದು ಯುವಕ ತಲೆಯಾಡಿಸಿದ. ವಿದ್ವಾಂಸರಲ್ಲಿ ಅಂಥವರಿಗೆ ಅದೇ ಹೆಸರಂತೆ.

ಮೆಷಿನ್ನಿನ ಸದ್ದು ನಿಂತಿತು. ಅಜ್ಜಿ ನನ್ನ ತೊಡೆ ಚಿವುಟಿದಳು. ಸ್ವಲ್ಪ ಹೊತ್ತಾದ ಮೇಲೆ ಮೆಷಿನ್ನು ಮತ್ತೆ ಶುರುವಾಯಿತು, ಆದರೆ ಯಾರನ್ನೋ ಮೆಟ್ಟಿಕೊಂಡು ಹೋಗುತ್ತಿರುವ ಹಾಗೆ ಕೇಳಿಸಿತು.

ಯುವಕ ತನ್ನ ಅಧ್ಯಯನವನ್ನು ವಿವರಿಸಿದ. ಬೀದಿಯ ಅರ್ಧ ಅಂಗಡಿಯವರಿಗೆ ವ್ಯಾಪಾರ ಬೆಳೆಸುವ ತರಬೇತಿ, ಉಳಿದರ್ಧ ಮಂದಿಗೆ ಏನೂ ಇಲ್ಲ. ಕೊನೆಗೆ ಎರಡೂ ಗುಂಪನ್ನು ಹೋಲಿಸಿ, ತರಬೇತಿಯಿಂದ ಲಾಭವಾಯಿತೋ ಇಲ್ಲವೋ ನೋಡುವುದು. ಯಾರಿಗೆ ಯಾವುದು ಎಂದು ಚೀಟಿ ಎತ್ತಿಯಾಗಿತ್ತು. ಎದುರು ಸಾಲಿನಲ್ಲಿ ಗಾಡಿಗಳಿಗೆ ಸೀಟು ಕವರು ಹೊಲಿಯುವವನಿಗೆ ತರಬೇತಿ. ನಮ್ಮ ಚಿಕ್ಕಪ್ಪನಿಗೆ ಏನೂ ಇಲ್ಲ.

"ಅವನಿಗೆ ಪಾಠ ಬೇಕು, ನನಗೆ ಬೇಡ ಅಂತ ಚೀಟಿಗೂ ಗೊತ್ತಾಗಿದೆ ನೋಡಿ" ಎಂದ ಚಿಕ್ಕಪ್ಪ, ಎದುರು ಅಂಗಡಿಗೆ ಕೇಳುವಷ್ಟು ಗಟ್ಟಿಯಾಗಿ.

"ಒಂದೇ ಮಾತು ಸಾರ್. ನಾನು ಆಗಾಗ ಬಂದು ಮೂಲೇಲಿ ಕೂತು ನೋಡ್ತೀನಿ. ನೀವು ಹೇಗಿದ್ದೀರೋ ಹಾಗೇ ಇರಿ. ನಾನು ಬರ್ತೀನಿ ಅಂತ ಏನನ್ನೂ ಬದಲಾಯಿಸಬೇಡಿ."

ಮನೆಗೆ ಬಂದ ನೆಂಟರು 'ನೀವೇನೂ ತೊಂದರೆ ತಗೋಬೇಡಿ' ಅನ್ನುವುದಿಲ್ಲವೇ, ಅವನು ಹೇಳಿದ್ದು ಆ ಧಾಟಿಯಲ್ಲಿ. ಆದರೆ ಚಿಕ್ಕಪ್ಪನಿಗೆ ಅದುವರೆಗೆ ಯಾರೂ ಒಂದು ದೊಡ್ಡ ಕೆಲಸವನ್ನು ನಂಬಿಕೊಟ್ಟಿರಲಿಲ್ಲ. ಈಗ ಕೊಟ್ಟಿದ್ದರು. ಕೆಲಸ ಏನೆಂದರೆ, ಏನನ್ನೂ ಬದಲಾಯಿಸದೆ ಇರುವುದು.

ಅಜ್ಜಿ ಮೆಟ್ಟಿಲಿಂದಲೇ ಉಪ್ಪು ಖಾರ ಹಚ್ಚಿದಳು. "ಹುಷಾರು ಕಣೋ. ಒಬ್ಬ ರಾಜಕುಮಾರ ಇದ್ದ. ಏಳು ಕಾಡು ದಾಟೋವರೆಗೂ ಕತ್ತು ತಿರುಗಿಸಬಾರದು ಅಂತ ಅವನಿಗೆ ಅಪ್ಪಣೆಯಾಗಿತ್ತು. ಏಳನೇ ಕಾಡಲ್ಲಿ ಯಾರೋ ಕರೆದರು ಅಂತ ತಿರುಗಿದ. ಅಲ್ಲೇ ಕಲ್ಲಾದ."

"ಆಮೇಲೆ?" ಎಂದೆ ನಾನು.

"ಆಮೇಲೆ ಏನು, ಹಕ್ಕಿಗಳು ಬಂದು ಅವನ ತಲೆ ಮೇಲೆ ಕೂತ್ಕೊಂಡ್ವು."

ಚಿಕ್ಕಪ್ಪ ತಲೆ ಸವರಿಕೊಂಡ.

ಮರುದಿನ ಅಂಗಡಿಯ ಬಲ್ಬು ಸುಟ್ಟುಹೋಯಿತು. ನಾನು ಹೊಸದನ್ನು ತಂದೆ. ಚಿಕ್ಕಪ್ಪ ನನ್ನ ಕೈ ಹಿಡಿದ. "ಬೇಡ. ಬದಲಾಯಿಸೋ ಹಾಗಿಲ್ಲ."

"ಚಿಕ್ಕಪ್ಪಾ, ನಿನ್ನೆ ಬಲ್ಬು ಉರೀತಿತ್ತಲ್ಲ? ಈಗ ಉರೀದಿದ್ರೇನೇ ಬದಲಾದ ಹಾಗೆ!"

ಅವನು ಯೋಚಿಸಿದ. ಯೋಚಿಸುವಾಗ ಚಿಕ್ಕಪ್ಪನ ಮುಖ ಜಿಪ್ಪು ಸಿಕ್ಕಿಕೊಂಡ ಬ್ಯಾಗಿನ ಹಾಗಾಗುತ್ತದೆ. "ಅದು ತಾನಾಗೇ ಸುಟ್ಟಿದ್ದು. ಹಾಕಿದ್ರೆ ನಾವು ಹಾಕಿದ ಹಾಗೆ" ಎಂದ. ಕತ್ತಲೆಯಲ್ಲಿ ಚಿಕ್ಕಮ್ಮನ ಬೆರಳಿಗೆ ಸೂಜಿ ಚುಚ್ಚಿತು. ಅವಳು ಆಡಿದ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ಅಜ್ಜಿ ಕೂಡ ಕಿವಿ ಮುಚ್ಚಿಕೊಂಡಳು.

ಆಮೇಲೆ ನರ್ಸಮ್ಮ ಬಂದಳು. ಯುವಕ ಮೊದಲ ಸಲ ಬಂದಾಗ ಅವಳ ಸೂಟ್‌ಕೇಸಿಗೆ ಒಂದು ಚಕ್ರ ಹಾಕಿಯಾಗಿತ್ತು, ಇನ್ನೊಂದು ಬಾಕಿ ಇತ್ತು. ಈಗಲೂ ಬಾಕಿಯೇ ಇತ್ತು.

"ಏನ್ರೀ ಇದು? ನಾಳೆ ನಾನು ಅಕ್ಕನ ಹೆರಿಗೆಗೆ ಹೋಗ್ಬೇಕು!"

"ನಿನ್ನೆ ಅರ್ಧ ಆಗಿತ್ತಲ್ಲ ನರ್ಸಮ್ಮ. ಅರ್ಧಾನೇ ಇರ್ಬೇಕು. ನಾನು ಸಂಶೋಧನೇಲಿದ್ದೀನಿ."

"ನಾನು ಬಸ್ಸಲ್ಲಿರ್ಬೇಕು! ಹೆರಿಗೇನೂ ಅರ್ಧಕ್ಕೆ ನಿಲ್ಲಿಸಿ ಅಂತ ಹೇಳಿ ಬರ್ಲಾ?"

ಅವಳು ಕೂಗಿದ ರಭಸಕ್ಕೆ ಕೊಕ್ಕೆಯಲ್ಲಿ ನೇತುಹಾಕಿದ್ದ ಬ್ಯಾಗಿನ ಹಿಡಿಗಳೆಲ್ಲ ಅಲ್ಲಾಡಿದವು. ಮೂಲೆಯಲ್ಲಿ ಕೂತಿದ್ದ ಯುವಕ ಇನ್ನಷ್ಟು ಮೂಲೆಗೆ ಸರಿದ. ಚಿಕ್ಕಪ್ಪ ಮಾತ್ರ ಸಂತೋಷದಿಂದ ಕೈ ಮುಗಿದ.

"ನಿನ್ನೇನೂ ನೀವು ಇದೇ ಥರ ಬೈದಿದ್ರಿ. ತುಂಬಾ ಉಪಕಾರ ಆಯ್ತು. ದಿನಾ ಹೀಗೇ ಬಂದು ಬೈದು ಹೋಗಿ."

ನರ್ಸಮ್ಮ ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು, ಜ್ವರ ಎಷ್ಟಿರಬಹುದು ಎಂದು ಅಂದಾಜು ಮಾಡುವವಳ ಹಾಗೆ. ಆಮೇಲೆ ಒಂಟಿ ಚಕ್ರದ ಸೂಟ್‌ಕೇಸನ್ನು ರಸ್ತೆಗೆ ಎಳೆದಳು. ಬೀದಿಯ ತುದಿ ತಿರುಗುವವರೆಗೂ ಅದು ಕಿರ್ರೋ ಎಂದು ಚಿಕ್ಕಪ್ಪನನ್ನು ಶಪಿಸುತ್ತಾ ಹೋಯಿತು. ಸದ್ದು ಕೇಳಿ ಹೊರಗೆ ಬಂದ ಸೀಟು ಕವರಿನವನು ಎದುರಿಂದಲೇ ಕೇಳಿದ, "ಏನಣ್ಣಾ, ಉದ್ಯಮ ಜೋರಾ?"

ಇಲ್ಲಿಯವರೆಗೆ ನಗಬಹುದಿತ್ತು. ಅದೇ ಬುಧವಾರ ಸಂಜೆ ಪಕ್ಕದ ರಸ್ತೆಯ ಕೊರಿಯರ್ ಆಫೀಸಿನ ಮ್ಯಾನೇಜರು ಬಂದ. ತಲೆಯಲ್ಲಿ ಹೆಲ್ಮೆಟ್ಟು, ಕೈಯಲ್ಲಿ ಹೊಟ್ಟೆ ಸೀಳಿದ ಒಂದು ಬ್ಯಾಗು.

"ನಮ್ಮ ಹುಡುಗರು ಪಾರ್ಸೆಲ್ ಹೊರೋ ಬ್ಯಾಗಿದು. ಎಲ್ಲಾ ಹೀಗೇ ಕಿತ್ಕೊಂಡು ಬರ್ತಿದೆ. ಯಾರು ಹೊಲಿದ್ರೂ ನಿಲ್ತಿಲ್ಲ. ಒಂದು ಮಾತ್ರ ವರ್ಷದಿಂದ ಗಟ್ಟಿ ನಿಂತಿದೆ, ಅದನ್ನ ಇಲ್ಲಿ ಹೊಲಿಸಿದ್ದು ಅಂದ್ರು. ಇನ್ನು ನಮ್ಮ ಅಷ್ಟೂ ಬ್ಯಾಗು ನಿಮಗೇ. ರಿಪೇರಿನೂ ನಿಮ್ಮದು, ಹೊಸದೂ ನಿಮ್ಮದು. ಇನ್ನೊಂದು ಮೆಷಿನ್ ಹಾಕ್ಕೊಳ್ಳಿ, ಬೆಳಿಗ್ಗೆ ಬೇಗ ಬಾಗಿಲು ತೆಗೀರಿ, ಅಷ್ಟೇ."

ಚಿಕ್ಕಮ್ಮ ತಿರುಗಿ ಕೂತಳು. ಅವಳು ಗಿರಾಕಿಯ ಕಡೆ ಮುಖ ತೋರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಣ್ಣಗೆಟ್ಟ ಬ್ಯಾಗುಗಳ ನಡುವೆ ಆ ಮುಖ, ಕಥೆಗಳಲ್ಲಿ ಪೆಟ್ಟಿಗೆ ತೆರೆದಾಗ ಬೆಳಕು ಚೆಲ್ಲುತ್ತದಲ್ಲ, ಹಾಗಿತ್ತು. ಇನ್ನೊಂದು ಮೆಷಿನ್ನನ್ನು ಎಲ್ಲಿಡುವುದೆಂದು ಅವಳು ಆಗಲೇ ಜಾಗ ನೋಡುತ್ತಿದ್ದಳು.

"ಆಗಲ್ಲ ಸಾರ್" ಎಂದ ಚಿಕ್ಕಪ್ಪ. "ನಾನು ಸಂಶೋಧನೇಲಿದ್ದೀನಿ."

"ಯಾಕೆ, ಹುಷಾರಿಲ್ವಾ?"

"ಹಾಗಲ್ಲ. ಅಂಗಡೀಲಿ ಏನೂ ಬದಲಾಗೋ ಹಾಗಿಲ್ಲ. ವಿಶ್ವವಿದ್ಯಾಲಯದವರು ಹೇಳಿದ್ದಾರೆ."

ಮ್ಯಾನೇಜರು ಚಿಕ್ಕಮ್ಮನನ್ನು ನೋಡಿದ. ಚಿಕ್ಕಮ್ಮ ಚಿಕ್ಕಪ್ಪನನ್ನು ನೋಡಿದಳು. ಚಿಕ್ಕಪ್ಪ ಮೂಲೆಯ ಯುವಕನನ್ನು ನೋಡಿದ. ಯುವಕ ನೆಲ ನೋಡಿದ.

"ಶುಕ್ರವಾರ ಮಧ್ಯಾಹ್ನ ಬರ್ತೀನಿ. ಹೂಂ ಅಂದ್ರೆ ನಿಮಗೆ, ಇಲ್ಲಾಂದ್ರೆ ಎದುರಿನ ಸೀಟು ಕವರಿನವನಿಗೆ" ಎಂದು ಮ್ಯಾನೇಜರು ಬ್ಯಾಗು ಎತ್ತಿಕೊಂಡು ಹೊರಟುಹೋದ.

ಚಿಕ್ಕಮ್ಮ ಎದ್ದು ನೇರವಾಗಿ ಯುವಕನ ಮುಂದೆ ನಿಂತಳು. "ನೋಡಪ್ಪಾ, ನೀನೇ ಹೇಳು. ಬಂದ ಕೆಲಸ ತಗೋಬಹುದು ತಾನೇ?"

ಯುವಕ ಬೆವರಿದ. "ಮೇಡಂ, ನಾನು ಏನೂ ಹೇಳೋ ಹಾಗಿಲ್ಲ."

"ತಗೋಬಾರದು ಅಂತನಾ?"

"ಅದನ್ನೂ ಹೇಳೋ ಹಾಗಿಲ್ಲ. ನಿಮ್ಮದು ತರಬೇತಿ ಇಲ್ಲದ ಗುಂಪು. ನಾನು ತಗೊಳ್ಳಿ ಅಂದ್ರೆ ಸಲಹೆ ಕೊಟ್ಟ ಹಾಗಾಗುತ್ತೆ, ಸಲಹೆ ಕೊಟ್ರೆ ತರಬೇತಿ ಆಗುತ್ತೆ, ಆಗ ನೀವು ಆ ಗುಂಪಿಗೆ ಸೇರಿಬಿಡ್ತೀರಿ, ನನ್ನ ಸಂಶೋಧನೆ ಕೆಟ್ಟುಹೋಗುತ್ತೆ."

"ನಿನ್ನ ಸಂಶೋಧನೆ ಕೆಡಬಾರದು, ನನ್ನ ಬದುಕು ಕೆಡಬಹುದು!"

"ಅದರ ಬಗ್ಗೆ ನಾನು ಅಭಿಪ್ರಾಯ ಹೇಳೋ ಹಾಗಿಲ್ಲ ಮೇಡಂ."

"ನೋಡಿದ್ಯೇನೇ, ಎಂಥ ನಿಷ್ಠೆ!" ಎಂದ ಚಿಕ್ಕಪ್ಪ ಮೆಚ್ಚುಗೆಯಿಂದ. "ಬಾಯಿ ಬಿಡ್ತಿಲ್ಲ! ನಮ್ಮನ್ನ ಪರೀಕ್ಷೆ ಮಾಡ್ತಿದ್ದಾರೆ ಕಣೇ. ಆಸೆ ತೋರಿಸ್ತಾರೆ, ಕತ್ತು ತಿರುಗಿಸ್ತೀವಾ ಅಂತ ನೋಡ್ತಾರೆ."

"ನಿಮ್ಮ ಕತ್ತಲ್ವಾ? ಶುಕ್ರವಾರದವರೆಗೂ ಇರ್ಲಿ. ಆಮೇಲೆ ನಾನೇ ತಿರುಗಿಸ್ತೀನಿ" ಎಂದಳು ಚಿಕ್ಕಮ್ಮ.

ಗುರುವಾರ ಇಡೀ ದಿನ ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ಮನುಷ್ಯರು ಮಾತಾಡಲಿಲ್ಲ. ತಟ್ಟೆ ಚಿಕ್ಕಪ್ಪನ ಮುಂದೆ ಬಂದು ಬೀಳುತ್ತಿತ್ತು, ಬಡಿಸುತ್ತಿರಲಿಲ್ಲ. ಬಿದ್ದ ಜೋರಿಗೆ ಒಳಗಿದ್ದದ್ದು ತಾನೇ ಹರಡಿಕೊಳ್ಳುತ್ತಿತ್ತು. ಅವನು ಎರಡು ಸಲ ಉದ್ಯಮಿಯ ಕಷ್ಟಗಳ ಬಗ್ಗೆ ಹೇಳಲು ಬಾಯಿ ತೆರೆದ. ಎರಡು ಸಲವೂ ಒಲೆಯ ಕಡೆಯಿಂದ ಒಂದು ಮುಚ್ಚಳ ಉತ್ತರ ಕೊಟ್ಟಿತು.

ಶುಕ್ರವಾರ ಯುವಕ ಒಬ್ಬನೇ ಬರಲಿಲ್ಲ. ತನ್ನ ಸಂಕಟವನ್ನು ಅವನು ಗುರುಗಳಲ್ಲಿ ಹೇಳಿಕೊಂಡಿದ್ದ, ಗುರುಗಳು ಇಬ್ಬರಿದ್ದರು, ಇಬ್ಬರೂ ಬಂದಿದ್ದರು. ಒಬ್ಬರು ಗಟ್ಟಿ ದನಿಯ ಮೇಡಂ. ಅವರ ಪ್ರಕಾರ ಉದ್ಯಮಶೀಲತೆ ಇರುವುದು ಮನುಷ್ಯನ ಗುಣದಲ್ಲಿ, ಅದು ಹುಟ್ಟಿನಿಂದ ಬರುತ್ತದೆ ಅಥವಾ ಬರುವುದಿಲ್ಲ. ಇನ್ನೊಬ್ಬರು ಕುಳ್ಳ ಮೇಷ್ಟ್ರು. ಅವರ ಪ್ರಕಾರ ಮನುಷ್ಯನಲ್ಲಿ ಏನೂ ಇಲ್ಲ, ಎಲ್ಲಾ ಇರುವುದು ಸುತ್ತಲಿನ ಪರಿಸ್ಥಿತಿಯಲ್ಲಿ. ಅವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ನಿಲ್ಲಲು ಜಾಗ ಸಾಲದೆ ತೀರಾ ಹತ್ತಿರ ನಿಂತದ್ದರಿಂದ ಇನ್ನೂ ಆಗದಾಯಿತು.

ಮೇಡಂ ಚಿಕ್ಕಪ್ಪನ ಮುಖವನ್ನೇ ನೋಡುತ್ತಾ ಕೇಳಿದರು, "ಒಂದು ಹಳ್ಳ ಇದೆ ಅಂದ್ಕೊಳ್ಳಿ. ಆಚೆ ಕಡೆ ಏನಿದೆ ಗೊತ್ತಿಲ್ಲ. ಹಾರ್ತೀರಾ?"

"ಯಾಕೆ ಹಾರ್ಬೇಕು ಮೇಡಂ?"

"ನೋಡಿದ್ರಾ! ಅಪಾಯ ಎದುರಿಸೋ ಗುಣವೇ ಇಲ್ಲ! ಇವರು ಉದ್ಯಮಿಯೇ ಅಲ್ಲ."

ಚಿಕ್ಕಪ್ಪನ ಮುಖ ಬಾಡಿಹೋಯಿತು. ಮಂಗಳವಾರ ಸಿಕ್ಕ ಪಟ್ಟ ಶುಕ್ರವಾರ ಹೋಗಿತ್ತು. "ಹಾರ್ತೀನಿ ಮೇಡಂ, ಹಾರ್ತೀನಿ! ಎಷ್ಟು ಅಗಲ ಇದೆ ಹಳ್ಳ?"

"ಹಳ್ಳ ಇರೋದೇ ಸುಳ್ಳು!" ಎಂದು ಮೇಷ್ಟ್ರು ಕೂಗಿದರು. "ಪ್ರಶ್ನೆ ಅವರ ಕಾಲಿಂದಲ್ಲ. ಅವಕಾಶ ಅನ್ನೋದು ಹೊರಗಡೆ ಇರುತ್ತೆ, ಸಿಕ್ಕಿದವರು ಎತ್ಕೊಳ್ತಾರೆ."

"ಇರೋದಿಲ್ಲ! ಮನುಷ್ಯ ಅದನ್ನ ಸೃಷ್ಟಿ ಮಾಡ್ತಾನೆ!"

"ಹೊರಗಿದೆ ಅಂದೆನಲ್ಲ!"

"ಎಲ್ಲಿದೆ? ತೋರಿಸಿ!"

ಅದು ನಿಜವಾಗಿಯೂ ಹೊರಗಡೆ ಇತ್ತು. ಹೆಲ್ಮೆಟ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತು, "ಸ್ವಲ್ಪ ಜಾಗ ಬಿಡ್ತೀರಾ?" ಎಂದು ಆಗಿನಿಂದ ಕೇಳುತ್ತಿತ್ತು. ಕೊರಿಯರ್ ಮ್ಯಾನೇಜರಿಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಅವನು ಮೇಷ್ಟ್ರ ಭುಜ ಮುಟ್ಟಿದ. ಮೇಷ್ಟ್ರು ಅವನ ಎದೆಯ ಮೇಲೆ ಕೈಯಿಟ್ಟು ಹಿಂದಕ್ಕೆ ತಳ್ಳಿದರು.

"ಆಚೆ ನಿಲ್ಲಯ್ಯಾ ಸ್ವಲ್ಪ. ನಾವಿಲ್ಲಿ ಅವಕಾಶದ ಬಗ್ಗೆ ಮಾತಾಡ್ತಿದ್ದೀವಿ."

ಚಿಕ್ಕಮ್ಮ ಹಿಂದಿನಿಂದ ಕೈ ಬೀಸಿದಳು. ಕೂಗಿದಳು. ಆದರೆ ವಿದ್ಯೆ ಗಂಟಲು ಹರಿದುಕೊಂಡು ಅರಚುವಾಗ ಕುಟುಂಬದ ನೆರವಿನ ದನಿ ಯಾರಿಗೆ ಕೇಳಬೇಕು? ಮ್ಯಾನೇಜರಿಗೆ ಕೆಂಡಾಮಂಡಲ ಸಿಟ್ಟು ಬಂತು. "ನನಗೆ ಬ್ಯಾಗು ಬೇಕು, ಜಗಳ ಆಫೀಸಲ್ಲೇ ಬೇಕಾದಷ್ಟಿದೆ!" ಎಂದು ಸರಸರನೆ ರಸ್ತೆ ದಾಟಿ ಸೀಟು ಕವರಿನವನ ಅಂಗಡಿಗೆ ಹೋದ.

ಅದಕ್ಕೆ ಬೀಗ ಹಾಕಿತ್ತು.

ಪಕ್ಕದ ಇಸ್ತ್ರಿಯವನು ತಲೆ ಎತ್ತದೆ ಹೇಳಿದ, "ಅವ್ನು ತರಬೇತಿಗೆ ಹೋಗಿದ್ದಾನೆ ಸಾರ್. ಬಂದ ಅವಕಾಶ ಕೈತಪ್ಪದ ಹಾಗೆ ಹಿಡಿಯೋದು ಹೇಗೆ ಅಂತ ಇವತ್ತು ಪಾಠವಂತೆ."

ಮ್ಯಾನೇಜರು ಆ ಬೀಗಕ್ಕೆ ಒಂದು ಒದೆ ಕೊಟ್ಟ. ಒಂದೇ ಮಧ್ಯಾಹ್ನ ಒಂದೇ ಬೀದಿಯ ಎರಡೂ ಬದಿ ಅವನನ್ನು ಹೊರಗೆ ನಿಲ್ಲಿಸಿತ್ತು. ಒದೆಯಲ್ಲಿ ಎರಡರ ಪಾಲೂ ಇತ್ತು. ಗಾಡಿ ಹತ್ತಿ ಕಿಕ್ ಹೊಡೆಯುತ್ತಿದ್ದಾಗ ಚಿಕ್ಕಮ್ಮ ಮೇಡಮ್ಮನ್ನು ಎಡಕ್ಕೆ, ಮೇಷ್ಟ್ರನ್ನು ಬಲಕ್ಕೆ ಸರಿಸಿ, ಯುವಕನ ಕಾಲು ತುಳಿದು, ರಸ್ತೆಗಿಳಿದಳು. ಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತಳು.

"ಆ ಗಟ್ಟಿ ನಿಂತಿರೋ ಬ್ಯಾಗು ಹೊಲಿದಿದ್ದು ನಾನು. ಉಳಿದಿದ್ದನ್ನೂ ನಾನೇ ಹೊಲೀತೀನಿ."

"ನಿಮ್ಮ ಅಂಗಡೀಲಿ ಏನೂ ಬದಲಾಗೋ ಹಾಗಿಲ್ವಂತಲ್ಲಮ್ಮಾ!"

"ಅಂಗಡಿ ಅವರದು. ಅವರ ಜೊತೆ ಅದೂ ಕಲ್ಲಾಗ್ಲಿ. ಮೆಷಿನ್ನು ನಂದು."

ಇಸ್ತ್ರಿಯವನು, ನಾನು, ಮತ್ತು ಬೇರೆ ದಾರಿ ಕಾಣದೆ ಹೆಲ್ಮೆಟ್ಟಿನಲ್ಲೇ ಮ್ಯಾನೇಜರು, ಮೆಷಿನ್ನನ್ನು ಎತ್ತಿದೆವು. ಯುವಕ ಅಡ್ಡ ಬಂದ.

"ಮೇಡಂ, ದಯವಿಟ್ಟು! ಮೆಷಿನ್ ತೆಗೆದ್ರೆ ಅಂಗಡಿ ಬದಲಾಗುತ್ತೆ! ನನ್ನ ಹೋಲಿಕೆ ಹಾಳಾಗುತ್ತೆ!"

"ಈಗ ಬಾಯಿ ಬಂತಾ ನಿನಗೆ? ಸಲಹೆ ಕೊಡಬಾರದು ಅಂದ್ಯಲ್ಲ! ಸರಿ ಪಕ್ಕಕ್ಕೆ!"

ಮೆಟ್ಟಿಲ ಕೆಳಗಿನ ಖಾಲಿ ಜಾಗದಲ್ಲಿ ಮೆಷಿನ್ನನ್ನು ಕೂರಿಸಿದೆವು. ಈ ಸಲ ಚಿಕ್ಕಮ್ಮ ಅದನ್ನು ಬೀದಿಗೆ ಮುಖ ಮಾಡಿ ಇಡಿಸಿದಳು. ಮ್ಯಾನೇಜರು ಕೊಟ್ಟ ಹರಿದ ಬ್ಯಾಗನ್ನು ಸೂಜಿಯ ಕೆಳಗೆ ತಳ್ಳಿದಳು. ಮೇಲಿನ ಮೆಟ್ಟಿಲಲ್ಲಿ ಅಜ್ಜಿ ಕಾಲು ಮಡಚಿಕೊಂಡು ಜಾಗ ಮಾಡಿದಳು.

ಚಿಕ್ಕಪ್ಪ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದ. ಹಿಂದೆ ಅವನ ಕತ್ತಲ ಅಂಗಡಿ, ಅದರಲ್ಲಿ ಮೆಷಿನ್ನು ಇದ್ದ ಜಾಗ ಹಲ್ಲು ಕಿತ್ತ ಒಸಡಿನ ಹಾಗೆ ಕಾಣುತ್ತಿತ್ತು. ಮುಂದೆ ಹೆಂಡತಿ. ಹೊಸ್ತಿಲು ದಾಟಲೂ ಆಗದೆ, ಒಳಗೆ ಹೋಗಲೂ ಆಗದೆ ನಿಂತಿದ್ದ ಅವನನ್ನು ನೋಡಿ ನನಗೆ ಅಳು ಬರಬೇಕಿತ್ತು. ಸಿಟ್ಟು ಬಂತು.

ಇಬ್ಬರು ಗುರುಗಳೂ ಓಡಿ ಬಂದು ಮೆಷಿನ್ನಿನ ಎರಡು ಬದಿಗೆ ನಿಂತಿದ್ದರು. ಮೇಡಂ ಮುಖ ಅರಳಿತ್ತು. "ನೋಡಿ, ಗುಣ! ರಕ್ತದಲ್ಲೇ ಇದೆ!" ಮೇಷ್ಟ್ರ ಮುಖವೂ ಅರಳಿತ್ತು. "ಪರಿಸ್ಥಿತಿ! ಪರಿಸ್ಥಿತಿ ನೂಕಿದ್ದು ಕಾಣಲ್ವಾ?" ಯುವಕ ಮಾತ್ರ ಅಳುವ ದನಿಯಲ್ಲಿ ಕೇಳಿದ, "ಇದನ್ನ ನಾನು ಯಾರ ಉದ್ಯಮ ಅಂತ ಹೇಳ್ಲಿ? ಸಾರ್, ಇದೂ ನಿಮ್ಮದೇ ತಾನೇ? ಇವರು ಕುಟುಂಬದ ನೆರವೇ ತಾನೇ? ಹಾಗಾದ್ರೆ ಏನೂ ಬದಲಾಗಿಲ್ಲ ಅಂತಲೇ ಅಂದ್ಕೋಬಹುದು."

ಎಲ್ಲರೂ ಚಿಕ್ಕಪ್ಪನ ಕಡೆ ತಿರುಗಿದರು. ಇಸ್ತ್ರಿಯವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದ. ಚಿಕ್ಕಮ್ಮ ಮಾತ್ರ ತಿರುಗಲಿಲ್ಲ. ಮೆಷಿನ್ನು ಮೆಟ್ಟಲು ಇಟ್ಟ ಅವಳ ಕಾಲು ನಿಂತಿತ್ತು.

ಹೂಂ ಅಂದರೆ ಸಾಕಿತ್ತು. ಪಟ್ಟ ವಾಪಸು ಬರುತ್ತಿತ್ತು, ವ್ರತವೂ ಉಳಿಯುತ್ತಿತ್ತು.

ಚಿಕ್ಕಪ್ಪ ಹೊಸ್ತಿಲು ದಾಟಿದ.

"ಅವಳದು" ಎಂದ. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಮತ್ತೆ ಕೂಗಿದ. "ಅವಳದು ಕಣ್ರೀ! ಮೊದಲಿದ್ದದ್ದೂ ಅವಳದೇ. ನನಗೆ ಚಕ್ರ ಹಾಕೋದು ಬಿಟ್ರೆ ಏನ್ರೀ ಬರುತ್ತೆ? ಮೂಲೇಲಿ ಕೂತು ಇಷ್ಟು ದಿನ ಏನು ನೋಡಿದ್ರಿ ನೀವು? ನಾನಾದ್ರೂ ದಡ್ಡ. ನಿಮಗೇನಾಗಿತ್ತು?"

ಗುರುಗಳಿಬ್ಬರೂ ಮೊದಲ ಬಾರಿಗೆ ಒಂದೇ ಅಭಿಪ್ರಾಯಕ್ಕೆ ಬಂದರು: ಹೊರಡುವುದು ಒಳ್ಳೆಯದು.

ನಾನು ಚಿಕ್ಕಮ್ಮನ ಮುಖ ನೋಡಿದೆ. ಅಜ್ಜಿಯ ಕಥೆಗಳಲ್ಲಾಗಿದ್ದರೆ ಇಷ್ಟಕ್ಕೆ ಶಾಪ ಬಿಟ್ಟು ಹೂಮಳೆ ಆಗಬೇಕಿತ್ತು. ಆಗಲಿಲ್ಲ.

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?" ಎಂದಳು ಅವಳು. "ಬೀದಿ ಜನ ಎಲ್ಲಾ ಸೇರ್ಬೇಕಾಯ್ತಾ? ಏನ್ ನೋಡ್ತಿದ್ದೀರಾ, ಬಟ್ಟೆ ಹಿಡೀರಿ ಆ ಕಡೆ. ಬಿಗಿಯಾಗಿ!"

ಚಿಕ್ಕಪ್ಪ ಮೊಣಕಾಲೂರಿ ಕೂತು ಹಿಡಿದ. ಅವಳು ಮೆಟ್ಟಿದಳು. ಮದುವೆಯಾದಂದಿನಿಂದ ಗೋಡೆಯನ್ನು ನೋಡುತ್ತಾ ನುಂಗಿದ್ದೆಲ್ಲ ಅವಳ ಕಾಲಿಗಿಳಿದಿತ್ತು. ಸೂಜಿ ದಪ್ಪ ಬಟ್ಟೆಯ ಮಡಿಕೆಗಳನ್ನು ಟಕಟಕನೆ ಸೀಳಿಕೊಂಡು ಹೋಯಿತು. ಒಂದರ ಮೇಲೊಂದು ಹೊಲಿಗೆ, ಅದರ ಮೇಲೆ ಅಡ್ಡ ಹೊಲಿಗೆ. ಚಿಕ್ಕಪ್ಪ ಬೆರಳುಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾ ಬಟ್ಟೆ ಬಿಗಿಹಿಡಿದಿದ್ದ.

ದಾರ ಕತ್ತರಿಸಿ ಅವಳು ಬ್ಯಾಗನ್ನು ಮ್ಯಾನೇಜರಿನ ಎದೆಗೆ ಎಸೆದಳು. ಅವನು ಹೆಲ್ಮೆಟ್ಟು ತೆಗೆದಿಟ್ಟು, ಎರಡೂ ಕೈಯಲ್ಲಿ ಹಿಡಿದು ಹೊಲಿಗೆ ಬಿಚ್ಚಲು ಎಳೆದ. ಬರಲಿಲ್ಲ. ಕಾಲಡಿ ಹಾಕಿಕೊಂಡು ಜಗ್ಗಿದ. ಮುಖ ಕೆಂಪಾಯಿತು, ಹೊಲಿಗೆ ಅಲ್ಲಾಡಲಿಲ್ಲ.

"ಏನಮ್ಮಾ ಇದು! ಎಲ್ಲಾ ಬ್ಯಾಗಿಗೂ ಇಷ್ಟೇ ಗಟ್ಟಿ ಬೀಳುತ್ತಾ?"

ಚಿಕ್ಕಮ್ಮ ಕೆಳಗೆ ಕೂತಿದ್ದ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿದಳು.

"ತನ್ನಿ ಎಲ್ಲಾನೂ. ನನಗಿನ್ನೂ ಸಿಟ್ಟಿದೆ."